ಅಮ್ಮನ ಜೊತೆ ಕೂತು ನೋಡುವಂಥ ಕೊರಿಯನ್ ಡ್ರಾಮಾ ಬೇಕು: ಪ್ರೇಮ, ನಗು, ಜೊತೆಗೆ ಪಂಚಾಯ್ತಿ ರಾಜಕೀಯ

ತಿಪಟೂರು_ಕೊಬ್ಬರಿ

ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಹತ್ತು ದಿನ ಆಯಿತು. ಇನ್ನೂ ಐದು ವಾರ ಬೆಂಗಳೂರಿನಲ್ಲಿ ನನ್ನ ಜೊತೆಯೇ ಇರುತ್ತಾರೆ. ಊರಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ತೋಟಕ್ಕೆ ಹೋಗುವ ಜೀವ. ಇಲ್ಲಿ ಮೂರನೇ ಮಹಡಿಯಲ್ಲಿ ಕೂತು ಎದುರು ಮನೆಯವರು ಒಣಹಾಕಿದ ಬಟ್ಟೆ ಎಣಿಸುತ್ತಿದ್ದಾರೆ. ಟಿವಿ ಸೀರಿಯಲ್ ಹಾಕಿಕೊಟ್ಟೆ. ಎರಡು ದಿನ ನೋಡಿ, "ಈ ಮನೇಲಿ ಯಾರಿಗೂ ಕೆಲ್ಸ ಅಂತ ಇಲ್ವೇನೆ?" ಅಂದು ಆರಿಸಿಬಿಟ್ಟರು.

ಮೊನ್ನೆ ರಾತ್ರಿ ನಾನು ಲ್ಯಾಪ್‌ಟಾಪಿನಲ್ಲಿ ಒಂದು ಕೊರಿಯನ್ ಡ್ರಾಮಾ ನೋಡುತ್ತಿದ್ದೆ. ವಾಕರ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. "ಏನಂತೆ ಅವಳಿಗೆ? ಯಾಕೆ ಅಳ್ತಾಳೆ?" ಅಂತ ಶುರು. ಸಬ್‌ಟೈಟಲ್ ಇಂಗ್ಲಿಷಿನಲ್ಲಿ, ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಒಂದೂವರೆ ಎಪಿಸೋಡ್ ಎದ್ದೇ ಇದ್ದರು! ಆದರೆ ಆ ಡ್ರಾಮಾ ದೊಡ್ಡ ಕಂಪನಿಯ ಮಾಲೀಕನ ಮಗನದ್ದು, ಅದು ಅವರಿಗೆ ಹಿಡಿಸಲಿಲ್ಲ.

ಅಮ್ಮ ಒಂದು ಅವಧಿಗೆ ನಮ್ಮೂರ ಗ್ರಾಮ ಪಂಚಾಯ್ತಿ ಸದಸ್ಯೆ ಆಗಿದ್ದವರು. ಈಗಲೂ ಫೋನಿನಲ್ಲಿ ಊರಿನವರ ಹತ್ತಿರ ಮಾತಾಡುವುದು ನೀರಿನ ಟ್ಯಾಂಕು, ನರೇಗಾ ಬಿಲ್ಲು, ಯಾರು ಯಾರ ಕಡೆಗೆ ವಾಲಿದರು ಅನ್ನುವುದನ್ನೇ. ಹಾಗಾಗಿ ಸ್ಥಳೀಯ ರಾಜಕೀಯ ಇರುವ ಡ್ರಾಮಾ ಹುಡುಕುತ್ತಿದ್ದೇನೆ. ಪ್ರೇಮ ಇರಲಿ, ಆದರೆ ನಾನು ಅಡುಗೆಮನೆಗೆ ಎದ್ದು ಹೋಗಬೇಕಾಗುವಷ್ಟು ಬೇಡ. ನಗು ಬೇಕೇ ಬೇಕು. ರಾಜರು, ಭೂತ, ಕೊಲೆಗಾರರು ಬೇಡ.

ಹುಡುಕಿದಾಗ ಎರಡು ಹೆಸರು ಸಿಕ್ಕವು. "ಸಿಟಿ ಹಾಲ್" ಮತ್ತು "ಇನ್‌ಟು ದ ರಿಂಗ್". ಎರಡನ್ನೂ ನೋಡಿದವರು ಯಾರಾದರೂ ಇದ್ದೀರಾ? ಯಾವುದರಿಂದ ಶುರು ಮಾಡಲಿ?

---

ನಿವೃತ್ತ_ಪಿಡಿಒ

ಇದ್ದೇನೆ. ಎರಡನ್ನೂ ನೋಡಿದ್ದೇನೆ, ಒಂದನ್ನು ಎರಡು ಸಲ. ನನ್ನ ವಯಸ್ಸು ಕೇಳಬೇಡಿ, ಹೆಸರಿನಲ್ಲೇ ಇದೆ. ಪಂಚಾಯ್ತಿ ಕಾರ್ಯದರ್ಶಿಯಾಗಿ ಸೇರಿ ಪಿಡಿಒ ಆಗಿ ಹೊರಬಂದವನು. ಕೊರಿಯನ್ ಡ್ರಾಮಾ ಲಾಕ್‌ಡೌನ್ ಹೊತ್ತಿನಲ್ಲಿ ಮಗಳು ಹಚ್ಚಿದ ಚಟ. ಅವಳು ಬಿಟ್ಟಳು, ನಾನು ಬಿಟ್ಟಿಲ್ಲ.

ನೇರ ಉತ್ತರ ಬೇಕಿದ್ದರೆ, "ಇನ್‌ಟು ದ ರಿಂಗ್" ಮೊದಲು. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಪುರುಸೊತ್ತಿದ್ದರೆ ಓದಿ.

ಇದು 2020ರದ್ದು. ಕೆಬಿಎಸ್ 2 ಚಾನೆಲ್‌ನಲ್ಲಿ ಜುಲೈ 1ರಿಂದ ಆಗಸ್ಟ್ 20ರವರೆಗೆ ಬಂತು, 16 ಎಪಿಸೋಡ್. ಸೋಲ್ ನಗರದಲ್ಲಿ 25 "ಗು" ಇವೆ. ಗು ಅಂದರೆ ನಗರದೊಳಗಿನ ಒಂದು ಜಿಲ್ಲೆ ಅಂದುಕೊಳ್ಳಿ, ಪ್ರತಿಯೊಂದಕ್ಕೂ ಬೇರೆ ಕಚೇರಿ, ಬೇರೆ ಚುನಾಯಿತ ಕೌನ್ಸಿಲ್. ಕಥೆ ನಡೆಯುವುದು "ಮಾವೊನ್ ಗು" ಅನ್ನುವ ಕಡೆ. ಅದು ಕಾಲ್ಪನಿಕ, ನಕಾಶೆಯಲ್ಲಿ ಹುಡುಕಬೇಡಿ. ನಾನು ಹುಡುಕಿದ್ದೆ.

ನಾಯಕಿ ಗು ಸೆರಾ. ಪಾತ್ರ ಮಾಡಿರುವುದು ನಾನಾ ಅನ್ನುವ ನಟಿ, ಮೊದಲು ಹಾಡುವ ತಂಡದಲ್ಲಿ ಇದ್ದವಳು. ವಯಸ್ಸು 29, ಕೈಯಲ್ಲಿ ಕೆಲಸ ನಿಲ್ಲುವುದಿಲ್ಲ. ಆದರೆ ಒಂದು ಅಭ್ಯಾಸ ಇದೆ. ರಸ್ತೆಯಲ್ಲಿ ಏನು ಸರಿ ಇಲ್ಲದಿದ್ದರೂ ಗು ಕಚೇರಿಗೆ ದೂರು ಹಾಕುತ್ತಾಳೆ. ಹಾಕಿದ ಮೇಲೆ ಬಿಡುವುದೂ ಇಲ್ಲ. ಕಚೇರಿಯವರು ಅವಳಿಗೆ ಇಟ್ಟ ಅಡ್ಡಹೆಸರು "ಬುಲ್‌ನಾಬಾಂಗ್", ಅಂದರೆ ದೀಪಕ್ಕೆ ಬಂದು ಬಡಿಯುವ ಚಿಟ್ಟೆ. ಅಂಥವರು ನಮ್ಮ ಕಚೇರಿಗೂ ಒಬ್ಬರು ಬರುತ್ತಿದ್ದರು. ಗೇಟಿನ ಹತ್ತಿರ ಛತ್ರಿ ಕಂಡರೆ ಸಾಕು, ನಾವು ಮೂವರೂ ಒಟ್ಟಿಗೆ ಟೀಗೆ ಹೊರಡುತ್ತಿದ್ದೆವು.

ಈ ಸೆರಾಗೆ ಒಂದು ದಿನ ಗೊತ್ತಾಗುತ್ತದೆ: ಕೌನ್ಸಿಲ್ ಸದಸ್ಯರಿಗೆ ವರ್ಷಕ್ಕೆ 5 ಕೋಟಿ ವೊನ್ ಸಂಬಳ, ಕೆಲಸ 90 ದಿನ. ಅಷ್ಟೇ ಕಾರಣ. ಸಮಾಜಸೇವೆ, ಆದರ್ಶ ಏನೂ ಇಲ್ಲ. ಕೆಲಸ ಬೇಕು, ಇದೂ ಒಂದು ಕೆಲಸ, ಅರ್ಜಿ ಹಾಕೋಣ ಅಂತ ಉಪಚುನಾವಣೆಗೆ ನಿಲ್ಲುತ್ತಾಳೆ. ಪಕ್ಷ ಇಲ್ಲ, ಪಕ್ಷೇತರ. ನನಗೆ ಇದು ತುಂಬಾ ಹಿಡಿಸಿತು. ಜನಸೇವೆ ಮಾಡಲೆಂದೇ ಹುಟ್ಟಿದ್ದೇವೆ ಅನ್ನುವವರನ್ನು ನಾನು ಸರ್ವಿಸಿನಲ್ಲಿ ಸಾಕಷ್ಟು ನೋಡಿದ್ದೇನೆ.

ನಾಯಕ ಸೊ ಗೊಂಗ್‌ಮ್ಯಂಗ್ ಸರ್ಕಾರಿ ನೌಕರ. ಮಾಡಿದವರು ಪಾರ್ಕ್ ಸಂಗ್‌ಹೂನ್. ನಿಯಮದ ಪುಸ್ತಕ ಬಾಯಿಪಾಠ, ಮೇಲಿನವರ ಮುಖಕ್ಕೆ ಹೊಡೆದಂತೆ ಮಾತು, ಅದಕ್ಕೇ ಎತ್ತಂಗಡಿ. ಹೀಗೆ ದೂರು ಹಾಕುವವಳೂ ದೂರು ತೆಗೆದುಕೊಳ್ಳುವವನೂ ಒಂದೇ ಕಚೇರಿಯಲ್ಲಿ ಬಂದು ಸಿಕ್ಕಿಕೊಳ್ಳುತ್ತಾರೆ. ಇವರ ಪ್ರೇಮ ಬೆಳೆಯುವುದು ಸಮುದ್ರದ ದಂಡೆಯಲ್ಲಿ ಅಲ್ಲ, ಕಡತಗಳ ನಡುವೆ. ಅವನು ಅವಳಿಗೆ ಓದಲು ಹೇಳಿಕೊಡುತ್ತಾನೆ. ಬಜೆಟ್ ಹೇಗೆ ಓದಬೇಕು, ಸಭೆಯಲ್ಲಿ ಯಾವಾಗ ಎದ್ದು ನಿಲ್ಲಬೇಕು, ಹೀಗೆ. ನೀವು ಹೆದರುವಂಥದ್ದು ಜಾಸ್ತಿ ಏನಿಲ್ಲ, ಅಮ್ಮನ ಜೊತೆ ಧೈರ್ಯವಾಗಿ ನೋಡಬಹುದು.

ಹೆಸರುಗಳ ವಿಷಯ ಹೇಳಲೇಬೇಕು, ಸಬ್‌ಟೈಟಲ್‌ನಲ್ಲಿ ಇದೆಲ್ಲ ಕಳೆದುಹೋಗುತ್ತದೆ. ಕೊರಿಯನ್ ಭಾಷೆಯಲ್ಲಿ ಈ ಡ್ರಾಮಾದ ಹೆಸರು "ಛುಲ್‌ಸಾಪ್ಯೊ". ಚೀನಾದಲ್ಲಿ ಮೂರು ರಾಜ್ಯಗಳು ಕಾದಾಡುತ್ತಿದ್ದ ಕಾಲದಲ್ಲಿ, ಕ್ರಿ.ಶ. 227ರಲ್ಲಿ, ಝೂಗ ಲಿಯಾಂಗ್ ಅನ್ನುವ ಮಂತ್ರಿ ಯುದ್ಧಕ್ಕೆ ಹೊರಡುವ ಮುಂಚೆ ತನ್ನ ದೊರೆಗೆ ಬರೆದ ಬಿನ್ನಹದ ಹೆಸರು ಅದು. ಈಗ ಕೊರಿಯಾದ ಪತ್ರಿಕೆಗಳಲ್ಲಿ ಯಾರಾದರೂ ಚುನಾವಣೆಗೆ ನಿಂತರೆ "ಛುಲ್‌ಸಾಪ್ಯೊ ಎಸೆದರು" ಅಂತ ಬರೆಯುತ್ತಾರೆ. ನಾವು "ಕಣಕ್ಕೆ ಇಳಿದರು" ಅನ್ನುತ್ತೇವಲ್ಲ, ಹಾಗೆ. ಈಗ ನೋಡಿ, ಆ ಮಂತ್ರಿಯ ಇನ್ನೊಂದು ಹೆಸರು ಕೊಂಗ್‌ಮಿಂಗ್. ಕೊರಿಯನ್ ಬಾಯಲ್ಲಿ ಅದೇ ಗೊಂಗ್‌ಮ್ಯಂಗ್, ನಮ್ಮ ನಾಯಕ! ಕೌನ್ಸಿಲಿನ ಹಳೇ ಹುಲಿಯ ಹೆಸರು ಜೋ ಮೇಂಗ್‌ದೊಕ್. ಅದು ಸಾವೊ ಸಾವೊ ಅನ್ನುವ ಸೇನಾಪತಿಯ ಹೆಸರು. ಗು ಮೇಯರಮ್ಮ ವೊನ್ ಸೋಜಂಗ್, ಅದರಲ್ಲಿ "ವೊನ್ ಸೋ" ಅಂದರೆ ಅದೇ ಕಥೆಯ ಇನ್ನೊಬ್ಬ ಸರದಾರ. ನಮ್ಮಲ್ಲಿ ತಾಲ್ಲೂಕು ಆಫೀಸಿನ ಕಥೆ ಬರೆದು ಗುಮಾಸ್ತನಿಗೆ ವಿದುರ, ಅಧ್ಯಕ್ಷರಿಗೆ ಶಕುನಪ್ಪ ಅಂತ ಹೆಸರಿಟ್ಟ ಹಾಗೆ. "ಗೊಂಗ್‌ಮ್ಯಂಗ್" ಅನ್ನುವುದಕ್ಕೆ ನ್ಯಾಯವಾದ, ನೇರವಾದ ಅನ್ನುವ ಅರ್ಥವೂ ಇದೆಯಂತೆ. ನ್ಯಾಯವಾದ ಚುನಾವಣೆ ಅನ್ನಲು ಅದೇ ಪದ.

ಈಗ "ಸಿಟಿ ಹಾಲ್". ಇದು ಹಳೆಯದು, 2009. ಎಸ್‌ಬಿಎಸ್ ಚಾನೆಲ್, 20 ಎಪಿಸೋಡ್. ಬರೆದವರು ಕಿಮ್ ಉನ್‌ಸುಕ್. ಆಮೇಲೆ "ಗಾಬ್ಲಿನ್", "ದ ಗ್ಲೋರಿ" ಎಲ್ಲ ಬರೆದು ದೊಡ್ಡ ಹೆಸರು ಮಾಡಿದವರು. (ಒಂದು ತಮಾಷೆ. ನಮ್ಮ ನಿಷ್ಠಾವಂತ ಗೊಂಗ್‌ಮ್ಯಂಗ್ ಪಾತ್ರ ಮಾಡಿದ ನಟನೇ "ದ ಗ್ಲೋರಿ"ಯಲ್ಲಿ ಆ ಕೆಟ್ಟ ಶ್ರೀಮಂತ. ಅದನ್ನು ಮೊದಲು ನೋಡಿದವರಿಗೆ ಇಲ್ಲಿ ಅವನನ್ನು ನಂಬಲು ನಾಲ್ಕು ಎಪಿಸೋಡ್ ಬೇಕು.)

ಇದರ ಊರು "ಇಂಜು", ಅದೂ ಕಾಲ್ಪನಿಕ. ಶಿನ್ ಮಿರೇ ಅಲ್ಲಿನ ನಗರಸಭೆ ಕಚೇರಿಯಲ್ಲಿ ಹತ್ತನೇ ದರ್ಜೆಯ ನೌಕರಳು. ವಯಸ್ಸು 36, ದಿನವಿಡೀ ಕಾಫಿ ಮಾಡಿಕೊಡುವುದೇ ಕೆಲಸ. ಕ್ರೆಡಿಟ್ ಕಾರ್ಡ್ ಸಾಲ ತೀರಿಸಲು ಊರಿನ "ಮಿಸ್ ಬ್ಯಾನ್‌ದೆಂಗಿ" ಸುಂದರಿ ಸ್ಪರ್ಧೆಗೆ ನಿಲ್ಲುತ್ತಾಳೆ. ಬ್ಯಾನ್‌ದೆಂಗಿ ಅಂದರೆ ಒಂದು ಸಣ್ಣ ಮೀನು. ನಮ್ಮ ಕರಾವಳಿಯಲ್ಲಿ ಮಿಸ್ ಭೂತಾಯಿ ಅಂತ ಇಟ್ಟ ಹಾಗೆ. ಸಣ್ಣ ಮನಸ್ಸಿನವರಿಗೆ ಕೊರಿಯನ್ನರು "ಬ್ಯಾನ್‌ದೆಂಗಿ ಕರುಳು" ಅಂತ ಬೈಯುತ್ತಾರೆ, ಹಾಗಾಗಿ ಆ ಕಿರೀಟವೇ ಒಂದು ಜೋಕು. ಇಂಥವಳು ಕೊನೆಗೆ ಮೇಯರ್ ಆಗುತ್ತಾಳೆ. ಅವಳನ್ನು ಆ ದಾರಿಗೆ ಹತ್ತಿಸುವವನು ಉಪಮೇಯರ್ ಜೋ ಗುಕ್. ರಾಷ್ಟ್ರಪತಿ ಆಗಬೇಕೆಂದು ಹೊರಟ, ಕ್ರಾಪು ಕೆಡದ ಮನುಷ್ಯ. ಕಿಮ್ ಸೊನಾ ಮತ್ತು ಚಾ ಸಂಗ್‌ವೊನ್ ಜೋಡಿ. ಇವರಿಬ್ಬರ ಜಗಳ ನೋಡಲಿಕ್ಕೇ ಕೂರಬಹುದು.

ಇಲ್ಲೂ ಹೆಸರಿನ ಆಟ. ಮಿರೇ ಅಂದರೆ ಭವಿಷ್ಯ, ಜೋ ಗುಕ್ ಅಂದರೆ ತಾಯ್ನಾಡು. ಮಿರೇಯ ಎದುರಾಳಿ ಕೌನ್ಸಿಲರ್ ಹೆಸರು ಮಿನ್ ಜೂಹ್ವಾ. ಮೂರೂ ಅಕ್ಷರ ಸೇರಿದರೆ ಪ್ರಜಾಪ್ರಭುತ್ವ ತರುವುದು ಅಂತ ಅರ್ಥ. ಆಕೆ ಮಾಡುವುದು ಅದಕ್ಕೆ ಪೂರಾ ಉಲ್ಟಾ.

ಹಾಗಾದರೆ ಇದನ್ನು ಯಾಕೆ ಮೊದಲು ನೋಡಬಾರದು? ಇದರಲ್ಲಿ ಪ್ರೇಮದ ತೂಕ ಜಾಸ್ತಿ. ಕೊನೆಕೊನೆಗೆ ರಾಜಕೀಯ ಸೋಲ್‌ಗೆ, ದೊಡ್ಡವರ ಕೋಣೆಗಳಿಗೆ ಹೋಗಿಬಿಡುತ್ತದೆ. ಸಿಗಾರು, ಗುಟ್ಟು, ನಿಟ್ಟುಸಿರು. ನನಗೆ ಇಂಜು ಊರಿನ ಮೀನೇ ಸಾಕಿತ್ತು.

ಇನ್ನೊಂದು ಮಾತು ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ಬರೆದೇ ಬಿಡುತ್ತೇನೆ.

ಎರಡೂ ಕಥೆಯಲ್ಲಿ ಆ ಹೆಣ್ಣುಮಗಳನ್ನು ಕುರ್ಚಿಯ ಮೇಲೆ ಕೂರಿಸುವುದು ಒಂದೇ ಲೆಕ್ಕದಲ್ಲಿ: ಇವಳಿಗೇನು ಗೊತ್ತು, ಹೇಳಿದ ಕಡೆ ಸಹಿ ಹಾಕುತ್ತಾಳೆ. "ಇನ್‌ಟು ದ ರಿಂಗ್"ನಲ್ಲಿ ಎರಡು ಪಕ್ಷಗಳ ಜಗಳದ ನಡುವೆ ಸೆರಾ ಕೌನ್ಸಿಲ್ ಅಧ್ಯಕ್ಷೆಯ ಕುರ್ಚಿಗೇ ಬಂದು ಕೂರುತ್ತಾಳೆ. ಆ ಎಪಿಸೋಡ್ ನೋಡುವಾಗ ನಾನು ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ.

ನಾನು ಸರ್ವಿಸಿನಲ್ಲಿ ಏಳು ಜನ ಮಹಿಳಾ ಅಧ್ಯಕ್ಷರ ಜೊತೆ ಕೆಲಸ ಮಾಡಿದ್ದೇನೆ. ಹಾಳೆಯ ಮೇಲೆ ಬೆರಳಿಟ್ಟು "ಇಲ್ಲಿ ಸಹಿ ಹಾಕಿ ಮೇಡಂ" ಅನ್ನುವುದು ನನ್ನ ದಿನದ ಕೆಲಸ. ಮೇಲೆ ಬರೆದಿದ್ದು ಕಾಣದ ಹಾಗೆ ಫೈಲನ್ನು ಅರ್ಧ ಮಡಚಿ ಹಿಡಿಯುವುದು ಒಂದು ಕಲೆ. ಅದನ್ನು ಯಾರೂ ಕಲಿಸಲಿಲ್ಲ, ಬಂದುಬಿಟ್ಟಿತು. ಕೆಟ್ಟ ಉದ್ದೇಶ ಅಂತಲ್ಲ, ಬೇಗ ಆಗಲಿ ಅಂತ. ಒಬ್ಬರು ಮಾತ್ರ, ಮೂರನೆಯವರು, ಪೆನ್ನಿನ ಕ್ಯಾಪ್ ತೆಗೆದು ಹಾಗೇ ಹಿಡಿದುಕೊಂಡು, "ಇದ್ರಲ್ಲೇನೈತೆ, ಓದಿ ಸಾರ್" ಅಂದರು. ಅವರಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಎರಡು ಹಾಳೆ ಓದಿ ಹೇಳಲು ನನಗೆ ಹತ್ತು ನಿಮಿಷ ಹಿಡಿಯಿತು. ಮಧ್ಯದಲ್ಲಿ ಒಂದು ಕಡೆ ಮೊತ್ತ ತಪ್ಪಿತ್ತು. ನನ್ನದೇ ತಪ್ಪು, ಒಂದು ಸೊನ್ನೆ ಜಾಸ್ತಿ. ನಾನು ಹೊರಗೆ ಬಂದು ಬಿಲ್ ಕಲೆಕ್ಟರ್ ಹತ್ತಿರ ಅವರನ್ನು ಬೈದೆ. "ಬಾಳಾ ಗತ್ತು ಇವರಿಗೆ" ಅಂದೆ. ಸೊನ್ನೆಯ ವಿಷಯ ಹೇಳಲಿಲ್ಲ.

ಗೊಂಗ್‌ಮ್ಯಂಗ್ ಪಾತ್ರ ನನಗೆ ಅಷ್ಟು ಇಷ್ಟ ಆಗಿದ್ದು ಯಾಕೆ ಅಂತ ಕೇಳಿದರೆ, ಅವನು ಹಾಳೆಯನ್ನು ಪೂರ್ತಿ ಬಿಚ್ಚಿ ಇಡುತ್ತಾನೆ.

ಅಮ್ಮನಿಗೆ ಬೇಗ ಗುಣವಾಗಲಿ.

---

ಗುಂಡಿ_ಎಣಿಸುವವ

"ಇನ್‌ಟು ದ ರಿಂಗ್" ನಾನೂ ಅರ್ಧ ನೋಡಿದ್ದೆ. ಅದು ಮುಗಿದಿದ್ದು 2020ರ ಆಗಸ್ಟ್ 20. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ ಮುಗಿದಿದ್ದು ಸೆಪ್ಟೆಂಬರ್ 10. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಅಲ್ಲಿ ಅವಳು ಕೌನ್ಸಿಲರ್ ಹತ್ತಿರ ಜಗಳ ಆಡುವುದು ನೋಡಿ ನನಗೆ ಹೊಟ್ಟೆ ಉರಿಯಿತು. ಜಗಳ ಆಡಲಿಕ್ಕಾದರೂ ಒಬ್ಬ ಮನುಷ್ಯ ಬೇಕಲ್ವಾ?

---

ಸುವಾನ್_ಸಾಂಬಾರ್

ಪಿಡಿಒ ಸರ್, ಹೆಸರುಗಳ ಬಗ್ಗೆ ಬರೆದಿದ್ದು ಸರಿಯಾಗಿದೆ. ನನ್ನ ಹೆಂಡತಿಗೆ ಓದಿ ಹೇಳಿದೆ, ಅವಳು ಇಲ್ಲಿಯವಳೇ. ಸಾವೊ ಸಾವೊ ವಿಷಯ ಅವಳಿಗೆ ಮೊದಲ ಎಪಿಸೋಡಿನಲ್ಲೇ ಗೊತ್ತಾಗಿತ್ತಂತೆ, ನನಗೆ ಹೇಳಿರಲಿಲ್ಲ ಅಷ್ಟೇ.

ಸುವಾನ್‌ನಲ್ಲಿದ್ದೇನೆ, ಸೋಲ್‌ನಿಂದ ದಕ್ಷಿಣಕ್ಕೆ. ತಿಪಟೂರು ಅವರೇ, ಅಮ್ಮನಿಗೆ ವಿವರಿಸಲು ಉಪಯೋಗಕ್ಕೆ ಬರಬಹುದು ಅಂತ ನಾಲ್ಕು ವಿಷಯ ಹೇಳುತ್ತೇನೆ.

5 ಕೋಟಿ ವೊನ್ ಅಂದರೆ ಬೆಚ್ಚಿ ಬೀಳಬೇಡಿ. ರೂಪಾಯಿಗೆ ತಂದರೆ ಸುಮಾರು 30 ಲಕ್ಷ. ಇಲ್ಲಿನ ಲೆಕ್ಕಕ್ಕೆ ಒಳ್ಳೆಯ ಸಂಬಳವೇ, ಆದರೆ ಅರಮನೆ ಕಟ್ಟುವಷ್ಟಲ್ಲ. 2006ಕ್ಕೆ ಮುಂಚೆ ಕೌನ್ಸಿಲ್ ಸದಸ್ಯರಿಗೆ ಸಂಬಳ ಅಂತ ಇರಲೇ ಇಲ್ಲ. ಚುನಾವಣೆಗೆ ನಿಲ್ಲಲು ಠೇವಣಿ 20 ಲಕ್ಷ ವೊನ್, ಅಂದರೆ ಒಂದೂಕಾಲು ಲಕ್ಷ ರೂಪಾಯಿ ಹತ್ತಿರ. ಶೇ 15ರಷ್ಟು ಮತ ಬಂದರೆ ಪೂರ್ತಿ ವಾಪಸ್ಸು, ಶೇ 10 ದಾಟಿದರೆ ಅರ್ಧ, ಅದಕ್ಕಿಂತ ಕಡಿಮೆ ಆದರೆ ಹೋಯಿತು. ಕೆಲಸ ಇಲ್ಲದ ಸೆರಾಗೆ ಅದು ಎಂಥ ಜೂಜು ಅಂತ ಇದರಿಂದ ಗೊತ್ತಾಗುತ್ತದೆ.

ಅವಳು ಪಕ್ಷೇತರಳು ಅನ್ನುವುದು ಇಲ್ಲಿ ದೊಡ್ಡ ವಿಷಯ. ನಮ್ಮ ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಒಳಗೊಳಗೆ ಯಾರು ಯಾವ ಪಕ್ಷ ಅಂತ ಊರಿಗೇ ಗೊತ್ತಿರುತ್ತೆ, ಆ ಮಾತು ಬೇರೆ. ಇಲ್ಲಿ ಗು ಕೌನ್ಸಿಲಿಗೂ ಪಕ್ಷವೇ ಟಿಕೆಟ್ ಕೊಡುತ್ತದೆ. ಮತಪತ್ರದಲ್ಲಿ ದೊಡ್ಡ ಪಕ್ಷಗಳ ಹೆಸರು ಮೇಲೆ, ಪಕ್ಷೇತರರು ಎಲ್ಲರಿಗಿಂತ ಕೆಳಗೆ. ಜನ ಮೇಲಿನಿಂದ ಎರಡು ಹೆಸರು ನೋಡಿ ಮುದ್ರೆ ಒತ್ತಿ ಬರುತ್ತಾರೆ. ಕೆಳಗಿದ್ದವರನ್ನು ಹುಡುಕಿ ಒತ್ತಬೇಕು.

ನಾನೂ ಒತ್ತಿದ್ದೇನೆ. ಇಲ್ಲಿ ಕಾಯಂ ವಾಸದ ವೀಸಾ ಸಿಕ್ಕಿ ಮೂರು ವರ್ಷ ಆದ ವಿದೇಶಿಯರಿಗೆ ಸ್ಥಳೀಯ ಚುನಾವಣೆಯಲ್ಲಿ ಮತ ಇದೆ. 2006ರಿಂದಲೂ ಇದೆ. ರಾಷ್ಟ್ರಪತಿ ಚುನಾವಣೆಗೆ ಇಲ್ಲ, ಮೇಯರು, ಕೌನ್ಸಿಲಿಗೆ ಮಾತ್ರ. 2022ರ ಜೂನ್ 1ರಂದು ಮೊದಲ ಸಲ ಹೋದೆ, ಹತ್ತಿರದ ಶಾಲೆಯಲ್ಲಿ. ಏಳು ಮತಪತ್ರ ಕೊಡುತ್ತಾರೆ! ಮೊದಲು ಮೂರು, ಅವನ್ನು ಪೆಟ್ಟಿಗೆಗೆ ಹಾಕಿ ಬಂದ ಮೇಲೆ ಇನ್ನೂ ನಾಲ್ಕು. ನಾನು ಮೂರು ಹಾಕಿ ಮುಗೀತು ಅಂತ ಬಾಗಿಲ ಕಡೆ ಹೊರಟಿದ್ದೆ. ಅಲ್ಲಿದ್ದ ಅಜ್ಜಿಯೊಬ್ಬರು ತೋಳು ಹಿಡಿದು ವಾಪಸ್ಸು ಸಾಲಿನಲ್ಲಿ ನಿಲ್ಲಿಸಿದರು. ಮುದ್ರೆಯ ಕೋಲು ಬೆರಳುದ್ದ ಇರುತ್ತದೆ, ಒತ್ತಿದರೆ ಕೆಂಪು ಬಣ್ಣದ ದುಂಡು ಗುರುತು. ಕೈಗೆ ಸ್ವಲ್ಪ ಅಂಟಿತ್ತು, ಸಂಜೆವರೆಗೂ ತೊಳೆಯಲಿಲ್ಲ. ಊರಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಅಭ್ಯಾಸ ನೋಡಿ, ಏನೋ ಒಂದು ಇರಲಿ ಅನ್ನಿಸಿತು.

ಡ್ರಾಮಾದಲ್ಲಿ ಪ್ರಚಾರದ ದೃಶ್ಯಗಳು ಉತ್ಪ್ರೇಕ್ಷೆ ಅಂತ ಅಂದುಕೊಳ್ಳಬೇಡಿ. ಬೆಳಿಗ್ಗೆ ಏಳಕ್ಕೆ ಸಬ್‌ವೇ ಬಾಗಿಲಲ್ಲಿ ಅಭ್ಯರ್ಥಿಗಳು ನಿಂತಿರುತ್ತಾರೆ. ಎದೆಗೆ ಅಡ್ಡಪಟ್ಟಿ, ಬಿಳಿ ಕೈಗವಸು, ಬೆರಳಲ್ಲಿ ತಮ್ಮ ಸಂಖ್ಯೆ. ಸೊಂಟ ಪೂರಾ ಬಗ್ಗಿಸಿ ನಮಸ್ಕಾರ. ಲಾರಿಯ ಮೇಲೆ ಹಳೇ ಹಾಡಿಗೆ ಅಭ್ಯರ್ಥಿಯ ಹೆಸರು ಸೇರಿಸಿ ಜೋರಾಗಿ ಹಾಕುತ್ತಾರೆ. ಎರಡು ವಾರ ತಲೆಯಲ್ಲಿ ಅದೇ ಹಾಡು. ನನ್ನ ಮಗ ಊಟ ಮಾಡುವಾಗಲೂ ಒಬ್ಬರ ಹೆಸರು ಹಾಡುತ್ತಿದ್ದ, ಅವರು ಸೋತರು.

ಇನ್ನೊಂದು. ಸೆರಾ ಹಾಕುವ ದೂರಿಗೆ ಇಲ್ಲಿ "ಮಿನ್‌ವೊನ್" ಅನ್ನುತ್ತಾರೆ. ಸಬ್‌ಟೈಟಲ್ ಅದನ್ನು ಬರೀ ದೂರು ಅನ್ನುವ ಅರ್ಥದಲ್ಲಿ ಕೊಡುತ್ತದೆ, ಅದು ಪೂರ್ತಿ ಸರಿ ಅಲ್ಲ. ಮಿನ್‌ವೊನ್‌ನಲ್ಲಿ ಅರ್ಜಿಯೂ ಬಂತು, ಕೋರಿಕೆಯೂ ಬಂತು, ಗೋಳೂ ಬಂತು. ಅಮ್ಮನಿಗೆ "ಅಹವಾಲು" ಅಂತ ಹೇಳಿ, ಒಂದೇ ಪದಕ್ಕೆ ತಿಳಿಯುತ್ತೆ.

---

ನಿವೃತ್ತ_ಪಿಡಿಒ

ಅಹವಾಲು! ಎಂಥ ಪದ ಹುಡುಕಿ ಕೊಟ್ಟಿರಿ. ಇಂಗ್ಲಿಷಿಗೆ ಇಲ್ಲದ್ದು ನಮ್ಮ ಹತ್ತಿರ ಇದೆ.

ಇನ್ನೊಂದು ಲೆಕ್ಕ ನೋಡಿ. ಕೊರಿಯಾದಲ್ಲಿ 1961ರ ಸೈನಿಕ ಕ್ರಾಂತಿಯಲ್ಲಿ ಸ್ಥಳೀಯ ಕೌನ್ಸಿಲ್‌ಗಳನ್ನು ಮುಚ್ಚಿದರು. ಮತ್ತೆ ಚುನಾವಣೆ ಆಗಿದ್ದು 1991ರಲ್ಲಿ, ಮೇಯರುಗಳನ್ನು ಜನ ನೇರ ಆರಿಸಿದ್ದು 1995ರಲ್ಲಿ. ನಮ್ಮ ಪಂಚಾಯತ್ ರಾಜ್ ಕಾಯ್ದೆ 1993ರದ್ದು. ಹೆಚ್ಚುಕಮ್ಮಿ ಒಂದೇ ವಯಸ್ಸಿನ ಮಕ್ಕಳು. ಅದಕ್ಕೇ ಇರಬೇಕು, ಆ ಕೌನ್ಸಿಲ್ ಸಭೆ ನೋಡಿದರೆ ನಮ್ಮದೇ ಸಾಮಾನ್ಯ ಸಭೆ ಅನ್ನಿಸುತ್ತದೆ. ಅವರ ಕುರ್ಚಿ ಮಾತ್ರ ಚೆನ್ನಾಗಿವೆ.

---

ತಿಪಟೂರು_ಕೊಬ್ಬರಿ

ಎಲ್ಲರಿಗೂ ಥ್ಯಾಂಕ್ಸ್. ವರದಿ ಒಪ್ಪಿಸುತ್ತಿದ್ದೇನೆ.

ಶನಿವಾರ ಶುರು ಮಾಡಿದೆವು. "ಇನ್‌ಟು ದ ರಿಂಗ್". ಮಂಡಿಗೆ ಐಸ್ ಇಟ್ಟುಕೊಂಡು, ಕಾಲು ಸ್ಟೂಲಿನ ಮೇಲೆ. ನಾನು ಪಕ್ಕದಲ್ಲಿ ದುಭಾಷಿ. ಗು ಅನ್ನುವುದನ್ನು "ಹೋಬಳಿ" ಅಂದುಬಿಟ್ಟೆ, ತಪ್ಪಿದ್ದರೆ ಕ್ಷಮಿಸಿ. ಅಮ್ಮನ ತಲೆಯಲ್ಲಿ ಈಗ ಅದು ಮಾವೊನ್ ಹೋಬಳಿ.

90 ದಿನ ಕೆಲಸ, 30 ಲಕ್ಷ ಅಂದಾಗ ಅಮ್ಮ ಐಸ್ ಚೀಲ ಕೆಳಗೆ ಬೀಳಿಸಿದರು. "ನಮಗೆ ಕೊಡ್ತಿದ್ದ ಗೌರವಧನದಲ್ಲಿ ಬಸ್ ಚಾರ್ಜು ಹುಟ್ತಿರ್ಲಿಲ್ಲ" ಅಂದರು. ಆಮೇಲೆ ಅರ್ಧ ಗಂಟೆ ಡ್ರಾಮಾ ನಿಂತಿತು, ಅವರ ಕಥೆ ನಡೆಯಿತು. ಮೊದಲ ಸಭೆಗೆ ಹೋದಾಗ ಎಲ್ಲ ಗಂಡಸರೂ ಕೂತುಬಿಟ್ಟಿದ್ದರಂತೆ. ಇವರಿಗೂ ಇನ್ನೊಬ್ಬ ಸದಸ್ಯೆಗೂ ಕುರ್ಚಿ ಇಲ್ಲ. ಬಾಗಿಲ ಹತ್ತಿರ ಕಿಟಕಿ ಕಟ್ಟೆ ಮೇಲೆ ಕೂತು ಸಭೆ ಮುಗಿಸಿದರಂತೆ. ಮುಂದಿನ ಸಭೆಗೆ ಅಮ್ಮ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಹೋದರಂತೆ, ನೀಲಿ ಬಣ್ಣದ್ದು. ಆ ಕುರ್ಚಿ ನನಗೆ ಗೊತ್ತು. ಈಗಲೂ ನಮ್ಮ ದನದ ಕೊಟ್ಟಿಗೆಯಲ್ಲಿದೆ, ಒಂದು ಕೈ ಮುರಿದಿದೆ. ಅದು ಸಭೆಗೆ ಹೋಗಿ ಬಂದ ಕುರ್ಚಿ ಅಂತ ಇವತ್ತಿನವರೆಗೆ ನನಗೆ ಯಾರೂ ಹೇಳಿರಲಿಲ್ಲ.

ನಾಯಕನ ಬಗ್ಗೆ ಅಮ್ಮನ ತೀರ್ಪು: "ನಗೋದೇ ಇಲ್ಲ, ಆದ್ರೆ ಕೆಲ್ಸ ಗೊತ್ತು. ಆಗ್ಲಿ ಬಿಡು, ಇವನನ್ನೇ ಮದ್ವೆ ಆಗ್ಲಿ." ಆಗ ಇನ್ನೂ ಎರಡನೇ ಎಪಿಸೋಡ್. ಮೇಂಗ್‌ದೊಕ್ ಬಾಯಿ ತೆಗೆಯುವ ಮೊದಲೇ "ಇವನನ್ನ ನಂಬ್ಬೇಡ" ಅಂದರು. ಸಾವೊ ಸಾವೊ ಅಂತೆಲ್ಲ ನಾನು ಇನ್ನೂ ಹೇಳಿರಲಿಲ್ಲ.

ಪಿಡಿಒ ಸರ್, ನೀವು ಬರೆದಿದ್ದನ್ನು ಪೂರ್ತಿ ಅಮ್ಮನಿಗೆ ಓದಿ ಹೇಳಿದೆ. ಫೈಲ್ ಅರ್ಧ ಮಡಚುವ ಭಾಗವನ್ನೂ. ಅಮ್ಮ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನಮ್ಮ ಸೆಕ್ರೆಟ್ರಿನೂ ಹಂಗೇ ಮಡಚ್ತಿದ್ದ" ಅಂದರು. ಆಮೇಲೆ, "ಸೊನ್ನೆ ಸರಿ ಮಾಡಿದ್ರಾ ಇಲ್ವಾ ಕೇಳು" ಅಂದರು. ಕೇಳುತ್ತಿದ್ದೇನೆ.

ಈಗ ಸಮಸ್ಯೆ ಬೇರೆ ಆಗಿದೆ. ಸೆರಾ ಕುರ್ಚಿಯಲ್ಲಿ ಕೂತಿದ್ದಾಳೆ, ಮೇಜಿನ ಮೇಲೆ ಒಂದು ಹಾಳೆ ಇದೆ. ಒಂದು ಕ್ಷಣ ತೋರಿಸಿ ಮುಂದೆ ಹೋಗುತ್ತಾರೆ. ಅದು ಕೊರಿಯನ್ ಅಕ್ಷರ, ಸಬ್‌ಟೈಟಲ್ ಇಲ್ಲ. ಅಮ್ಮ ನಿಲ್ಲಿಸಲು ಹೇಳಿ, "ಅದ್ರಲ್ಲೇನೈತೆ ಓದು" ಅನ್ನುತ್ತಿದ್ದಾರೆ. ನನಗೆ ಬರಲ್ಲ ಅಂದರೆ ಕೇಳುತ್ತಿಲ್ಲ. ಓದದೆ ಮುಂದಕ್ಕೆ ಹಾಕಬೇಡ ಅಂತ ರಿಮೋಟ್ ತೆಗೆದುಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಸುವಾನ್ ಅವರೇ, ಸ್ವಲ್ಪ ಸಹಾಯ ಮಾಡಿ.

---

ಸುವಾನ್_ಸಾಂಬಾರ್

ಪರದೆಯ ಫೋಟೋ ತೆಗೆದು ಹಾಕಿ. ಮಬ್ಬಾಗಿದ್ದರೂ ಪರವಾಗಿಲ್ಲ, ಹೆಂಡತಿ ಪಕ್ಕದಲ್ಲೇ ಇದ್ದಾಳೆ.

---

ನಿವೃತ್ತ_ಪಿಡಿಒ

ಅಮ್ಮನಿಗೆ ಹೇಳಿ, ಸೊನ್ನೆ ಅವತ್ತೇ ಸರಿ ಮಾಡಿದೆ.

ಫೋಟೋ ತೆಗೆಯುವಾಗ ಕೆಳಗಿನ ಮುದ್ರೆ, ತಾರೀಖು ಎರಡೂ ಬರಲಿ. ಬರೀ ಮೇಲಿನ ಅರ್ಧ ಕಳಿಸಬೇಡಿ.